ದೊರೆಸಾನಿಯ ಎರಡು ಪೆಟ್ಟು

ಅಯ್ಯೋ, ಆ ಕುರ್ಚಿ ಬೇಡ ಅಕ್ಕಾ! ಅದರ ಹಿಂದಿನ ಕಾಲು ಲೊಡಲೊಡ ಅನ್ನುತ್ತೆ. ಹೋದ ವಾರ ಟೀಚರಮ್ಮ ಅದರ ಮೇಲೆ ಕೂತು ಗಂಭೀರವಾಗಿ ಏನೋ ಬರೀತಾ ಬರೀತಾ ಹಾಗೇ ನೆಲಕ್ಕೆ ಇಳಿದುಬಿಟ್ರು. ಪೆನ್ನು ಮಾತ್ರ ಕೈ ಬಿಡಲಿಲ್ಲ! ತಗೊಳ್ಳಿ, ಈ ಸ್ಟೂಲು ಗಟ್ಟಿ ಇದೆ... ಹ್ಞಾಂ. ಕೂತ್ಕೊಳ್ಳಿ.

ಔಷಧಿ ಅಂಗಡಿಯಿಂದ ನೇರ ಬಂದ್ರಾ? ಮೇಲಿನ ಬಿಳಿ ಕೋಟು ಕೂಡ ತೆಗೆದಿಲ್ಲ. ಮಗಳನ್ನ ಯಾರ ಹತ್ರ ಬಿಟ್ರಿ, ನಮ್ಮ ದೊರೆಸಾನಿಯನ್ನ? ಅಜ್ಜಿ ಹತ್ರಾನಾ?... ಸರಿ, ಸರಿ. ನೀವೇನೂ ಹೇಳೋದು ಬೇಡ. ಯಾಕೆ ಬಂದಿದ್ದೀರಿ ಅಂತ ಗೊತ್ತು. ಟೀಚರಮ್ಮ ಫೋನ್ ಮಾಡಿರ್ತಾರೆ, 'ನಮ್ಮ ಕೀಬೋರ್ಡಿನವನು ಬಿಟ್ಟು ಹೋಗ್ತಾನಂತೆ, ನೀವಾದ್ರೂ ಬಂದು ಮಾತಾಡಿ' ಅಂತ.

ಹೌದು ಅಕ್ಕಾ, ಹೋಗ್ತಿದ್ದೀನಿ. ಆರು ಗಂಟೆ ಬಸ್ಸು. ಆ ಬ್ಯಾಗನ್ನ ಹಾಗೆ ನೋಡಬೇಡಿ, ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ಕನ್ನಡಿ, ಒಂದು ಚಾರ್ಜರು. ಅಷ್ಟೇ ನನ್ನ ಸಂಸಾರ.

ಸೋಮವಾರ ಶಾಲೆಯವರು ನಿಮ್ಮ ಮಗಳನ್ನ ನೋಡ್ತಾರೆ, ಶುಕ್ರವಾರ ಇವನು ಗಂಟು ಕಟ್ಟಿದ... ಕೇಳೋಕೆ ಚೆನ್ನಾಗಿಲ್ಲ. ಒಪ್ಪಿದೆ. ಆದ್ರೆ ಕೆಲಸ ಬಂತು, ಏನು ಮಾಡ್ಲಿ? ಸಮುದ್ರದ ಪಕ್ಕ ಒಂದು ಹೋಟೆಲು. ಸಂಜೆ ಊಟಕ್ಕೆ ಬರೋರ ಮುಂದೆ ನುಡಿಸೋದು. ನಮ್ಮ ಆರ್ಕೆಸ್ಟ್ರಾದ ಹಳೇ ಡ್ರಮ್ಮಿನವನು, ಬೊಕ್ಕತಲೆ ಅಂತ, ಅವನೇ ಕರೆದಿದ್ದು. 'ಬಾರೋ, ಅಲ್ಲಿ ಮಕ್ಕಳಿಗೆ ಜೋಗುಳ ಹಾಡಿಕೊಂಡು ಎಷ್ಟು ದಿನ ಕೂತಿರ್ತೀಯ?' ಅಂದ. ನಾನೂ ನೋಡಿದೆ. ಎರಡು ವರ್ಷ ಆಯ್ತು ಟೀಚರಮ್ಮನ ಈ ಸೆಂಟರಿನಲ್ಲಿ. ಎರಡು ವರ್ಷ, ಅಕ್ಕಾ! ಏಳನೇ ಕ್ಲಾಸಿನ ಪರೀಕ್ಷೆ ದಿನ ಲಾರಿ ಹತ್ತಿದವನು ನಾನು. ಆಮೇಲೆ ಯಾವ ಊರಲ್ಲೂ ಎರಡನೇ ಕ್ಯಾಲೆಂಡರ್ ತಗುಲಿಹಾಕಿದವನಲ್ಲ.

ನಗಬೇಡಿ. ನಿಜ. ಇಲ್ಲಿಗೆ ಬಂದದ್ದಾದ್ರೂ ಯಾಕೆ? ಈ ಕೀಬೋರ್ಡಿನ ಎರಡು ಕೀ ಸತ್ತಿದ್ವು, ರಿಪೇರಿ ಮಾಡೋಕೆ. ಆ ಎರಡು ಕೀ ಇವತ್ತಿಗೂ ಸತ್ತೇ ಇವೆ, ನಾನು ಮಾತ್ರ ಉಳಿದುಬಿಟ್ಟೆ! ಒಂದೊಂದೇ ಸ್ವರ ಒತ್ತಿ ನೋಡ್ತಿದ್ದೆ, ನಿಮ್ಮ ಮಗಳು ಬಂದು ಸ್ಪೀಕರಿಗೆ ಕೆನ್ನೆ ಇಟ್ಟುಕೊಂಡು ನಿಂತಳು. ನನ್ನ ಕಡೆ ನೋಡಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ದರ್ಬಾರಿಗೆ ಬಂದ ರಾಣಿ ಹಾಗೆ ಬಂದಳು, ನಿಂತಳು. ಆವತ್ತೇ ಹೆಸರಿಟ್ಟೆ, ದೊರೆಸಾನಿ ಅಂತ. ಕೆಳಗಿನ ಟೈರ್ ಅಂಗಡಿಯ ಗಾಳಿ ಪಂಪು 'ಟುಸ್ಸ್' ಅಂದ್ರೆ ಮೇಜಿನ ಕೆಳಗೆ ಹೋಗಿ ಕೂರ್ತಿದ್ದ ಹುಡುಗಿ ಇಪ್ಪತ್ತು ನಿಮಿಷ ಅಲ್ಲಾಡದೆ ನಿಂತಳು. ಟೀಚರಮ್ಮ ಬಾಗಿಲಲ್ಲಿ ನಿಂತು ನೋಡಿದ್ರು. 'ನಾಳೆ ಬನ್ನಿ' ಅಂದ್ರು. ಬಂದೆ. ನಾಳೆ ನಾಳೆ ಅಂತ ಎರಡು ವರ್ಷ...

ಅದಿರಲಿ. ಸೋಮವಾರಕ್ಕೆ ಹೊಸ ಹುಡುಗಿ ಇದ್ದಾಳಲ್ಲ. ಓದಿದವಳು. ಆಟಿಸಂ ಇರೋ ಮಕ್ಕಳಿಗೆ ಸಂಗೀತ ಚಿಕಿತ್ಸೆ ಮಾಡೋದು ಹೇಗೆ ಅಂತಲೇ ಓದಿ ಪಾಸಾದವಳು. ಧ್ವನಿ ಹೇಗಿದೆ ಅಂತೀರಿ! ನನ್ನದು ಅವಳ ಮುಂದೆ ಬಾಗಿಲ ಕಿರ್ರ್ ಸದ್ದು. ಅವಳು ಕೂತ್ರೆ ಆಯ್ತು.

ಏನು?... ಏನಿಲ್ವಾ? ಏನೋ ಹೇಳೋಕೆ ಹೊರಟ ಹಾಗಿತ್ತು.

ನೀರು ಕುಡೀತೀರಾ? ಬೇಡ್ವಾ... ನಾನು ಕುಡೀತೀನಿ.

ನೋಡಿ, ಹೀಗೆ ನೀವು ಸುಮ್ಮನೆ ಕೂತ್ರೆ ನನಗೆ ಕಷ್ಟ. ಬೈಯೋರಾದ್ರೆ ಬೈದುಬಿಡಿ. ಬೈಗುಳ ತಿಂದು ರೂಢಿ ಇದೆ, ಮೌನ ತಿಂದು ರೂಢಿ ಇಲ್ಲ. ಇಲ್ಲಿ ಬಂದ ಮೊದಲ ತಿಂಗಳು ಟೀಚರಮ್ಮನ ಕೈಲಿ ದಿನಾ ಬೈಸಿಕೊಂಡದ್ದು ಅದಕ್ಕೇ ಅಲ್ವಾ? ನಿಮಗೆ ಗೊತ್ತಲ್ಲ, ಆ ಬೆಂಚಿನ ಮೇಲೆ ಕೂತು ಎಲ್ಲಾ ಕೇಳಿಸ್ಕೊಳ್ತಿದ್ರಿ. ನಮ್ಮ ಆ ದರಿದ್ರ ಹಾಡು...

ಬಂದರು ಬಂದರು ಯಾರು ಬಂದರು,
ಮೆಟ್ಟಿಲು ಹತ್ತಿ ಮೇಲೆ ಬಂದರು,
ಡ್ರಮ್ಮಿನ ಮುಂದೆ ಕೂತವರು ಯಾರು...

ಅಲ್ಲಿಗೆ ನಿಲ್ಲಿಸಬೇಕು. ಹಾಡೂ ಇಲ್ಲ, ಕೀಬೋರ್ಡೂ ಇಲ್ಲ. ಮಗು 'ನಾನು' ಅನ್ನಬೇಕು, ಇಲ್ಲಾ ಡ್ರಮ್ಮಿಗೆ ಎರಡು ಪೆಟ್ಟು ಹಾಕಬೇಕು. ಅನ್ನೋವರೆಗೂ ಕಾಯಬೇಕು. ಮನಸ್ಸಲ್ಲಿ ಹತ್ತು ಎಣಿಸಬೇಕು. 'ಆ ಖಾಲಿ ಜಾಗ ಮಗುವಿನದು, ಅದರೊಳಗೆ ನೀವು ಕೈ ಹಾಕಬೇಡಿ' ಅಂತ ಟೀಚರಮ್ಮ. ನನಗೋ! ಆರ್ಕೆಸ್ಟ್ರಾದಲ್ಲಿ ಬೆಳೆದವನು, ಹಾಡೋನು ಉಸಿರು ತಗೊಂಡ್ರೆ ಆ ಸಂದಿಗೂ ಒಂದು ತುಣುಕು ತುರುಕೋ ಜಾತಿ. ಮೂರು ಎಣಿಸೋದರೊಳಗೆ ಬೆರಳು ತುರಿಸೋದು. 'ನಾನೂ...' ಅಂತ ನಾನೇ ಹಾಡಿಬಿಡ್ತಿದ್ದೆ. 'ನೀವಲ್ಲ ರೀ, ಅವಳು!' ಅಂತ ಪಕ್ಕದ ರೂಮಿಂದ ಟೀಚರಮ್ಮ.

ಕೊನೆಗೂ ಕಲಿತೆ. ಕೈ ಕಟ್ಟಿ ಕೂರೋದನ್ನ. ಎಂಟು ತಿಂಗಳು ಹತ್ತು ಹತ್ತು ಎಣಿಸಿದೆ, ಏನೂ ಇಲ್ಲ. ಅವಳು ಡ್ರಮ್ಮಿನ ಅಂಚು ಸವರುತ್ತಾ ಕೂತಿರ್ತಿದ್ದಳು. ಆಮೇಲೆ ಒಂದಿನ, ಡುಮ್ ಡುಮ್! ನೆನಪಿದೆಯಾ? ನೀವು ಒಳಗೆ ಓಡಿ ಬಂದ್ರಿ, ಒಂದು ಕಾಲಲ್ಲಿ ಚಪ್ಪಲಿ, ಒಂದರಲ್ಲಿ ಇಲ್ಲ. ಮಾರನೇ ದಿನ ಮತ್ತೆ. ಆಮೇಲೆ ಇಪ್ಪತ್ತಕ್ಕೆ ಹತ್ತು ಸಲ, ಹದಿನೈದು, ಹತ್ತೊಂಬತ್ತು. ಟೀಚರಮ್ಮ ಟಿಕ್ಕು ಹಾಕಿದ್ದೇ ಹಾಕಿದ್ದು. ಶಾಲೆಯವರಿಗೆ ವರದಿ ಬರೆದ್ರು: 'ಮಗು ತನ್ನ ಸರದಿ ಕಾಯುತ್ತದೆ, ಕರೆದಾಗ ಓಗೊಡುತ್ತದೆ.' ಅವರೂ ಕೇಳಿದ್ದು ಅಷ್ಟೇ ಅಲ್ವಾ? ಈ ಎರಡು ಇದ್ರೆ ಸಾಕು, ಉಳಿದ ಮಕ್ಕಳ ಜೊತೆ ಕೂರಿಸ್ಕೊಳ್ತೀವಿ ಅಂತ. ಸೋಮವಾರ ಮೂರು ಜನ ಕೂತು ಕಣ್ಣಾರೆ ನೋಡ್ತಾರೆ, ಸೀಟು ಕೊಡ್ತಾರೆ. ಹಿಂದೆ ಎರಡು ಶಾಲೆಯವರು ಬಾಗಿಲಲ್ಲೇ ಕಳಿಸಿದ್ರು ಅಂತ ನೀವೇ ಹೇಳಿದ್ರಿ. ಇದು ಮೂರನೇದು.

ಅದಕ್ಕೇ ಹೇಳಿದೆ... ಹೊಸ ಹುಡುಗಿ ಕೂತ್ರೆ ಆಯ್ತು. ಯಾರು ಕೂತ್ರೂ ಒಂದೇ. ಹಾಡು ಕಲಿತಿದ್ದಾಳೆ, ಹೊಡೀತಾಳೆ.

ಹಾಗೆ ನೋಡಬೇಡಿ ಅಕ್ಕಾ.

ಹೋಟೆಲಿನ ವಿಷಯ ಸುಳ್ಳಲ್ಲ. ಬೊಕ್ಕತಲೆ ಕರೆದದ್ದು ನಿಜ. ಆದ್ರೆ ಅವನು ಆರು ತಿಂಗಳಿಂದ ಕರೀತಾನೇ ಇದ್ದಾನೆ... ಹೋಗಲಿ, ಹೇಳಿಬಿಡ್ತೀನಿ. ಇದು ಟೀಚರಮ್ಮನಿಗೂ ಗೊತ್ತಿಲ್ಲ.

ಹೋದ ತಿಂಗಳು ನನಗೆ ಹಲ್ಲುನೋವು ಬಂದಿತ್ತಲ್ಲ? ನೀವೇ ಮಾತ್ರೆ ತಂದುಕೊಟ್ರಿ. ಮುಖದ ಒಂದು ಪಕ್ಕ ಬಾತು ಬೂದುಕುಂಬಳಕಾಯಿ ಆಗಿತ್ತು. ಟವೆಲ್ ಕಟ್ಟಿಕೊಂಡೇ ಬಂದೆ. ಎರಡು ಕಣ್ಣು ಬಿಟ್ಟು ಮುಖದಲ್ಲಿ ಬೇರೆ ಏನೂ ಕಾಣ್ತಿರಲಿಲ್ಲ. ಹಾಡಿದೆ, ನಿಲ್ಲಿಸಿದೆ. ಹತ್ತು ಎಣಿಸಿದೆ. ಇಲ್ಲ. ಮತ್ತೆ ಹಾಡಿದೆ. ಇಲ್ಲ. ಎರಡು ದಿನ ಒಂದು ಪೆಟ್ಟೂ ಇಲ್ಲ. ಟವೆಲ್ ಕಂಡು ಹೆದರಿದಳೋ ಏನೋ ಅಂದುಕೊಂಡೆ. ಮೂರನೇ ದಿನ ಬಾವು ಇಳೀತು, ಟವೆಲ್ ಬಿಚ್ಚಿದೆ, ಡುಮ್ ಡುಮ್! ಟೀಚರಮ್ಮ ಎರಡು ದಿನದ ಲೆಕ್ಕ ಬಿಟ್ಟು ಬರೆದುಕೊಂಡ್ರು, 'ಪಾಪ, ನಿಮಗೇ ಹುಷಾರಿರಲಿಲ್ಲ' ಅಂತ.

ನನಗೆ ಮಾತ್ರ ಎಲ್ಲೋ ಕುಟುಕಿತು. ಎಲ್ಲರೂ ಹೋದ ಮೇಲೆ ಗಡ್ಡ ಹೆರೆಯೋ ಕನ್ನಡಿ ಇಲ್ಲಿ, ಕೀಬೋರ್ಡ್ ಮೇಲೆ ಒರಗಿಸಿಟ್ಟೆ. ಕೂತು ಹಾಡಿದೆ. 'ಕೂತವರು ಯಾರು...' ನಿಲ್ಲಿಸಿದೆ. ಕನ್ನಡಿ ನೋಡಿದೆ.

ನನ್ನ ಎಡ ಹುಬ್ಬು ಮೇಲಕ್ಕೆ ಹೋಗಿತ್ತು ಅಕ್ಕಾ. ಗದ್ದ ಒಂದು ಚೂರು ಮುಂದಕ್ಕೆ. ನಾನು ಎತ್ತಿದ್ದಲ್ಲ! ಅದೇ ಹೋಯ್ತು. ಮೂವತ್ತು ವರ್ಷದ ಚಾಳಿ. ಸ್ಟೇಜ್ ಮೇಲೆ ಎರಡು ಕೈಯೂ ಕೀಬೋರ್ಡಲ್ಲಿರುತ್ತೆ, ಡ್ರಮ್ಮಿನವನಿಗೆ 'ಹೊಡಿ' ಅಂತ ಹೇಳೋದು ಯಾವುದರಲ್ಲಿ? ಹುಬ್ಬಲ್ಲಿ! ಬೊಕ್ಕತಲೆ ನನ್ನ ಹುಬ್ಬು ನೋಡಿಕೊಂಡೇ ಹದಿನಾಲ್ಕು ವರ್ಷ ಬಾರಿಸಿದ. ಇಲ್ಲಿ ಬಂದು ಬಾಯಿ ಮುಚ್ಚಿದೆ, ಕೈ ಕಟ್ಟಿದೆ, ಈ ಹಾಳು ಹುಬ್ಬನ್ನ ಮರೆತೆ.

ಮಾರನೇ ದಿನ ಪರೀಕ್ಷೆ ಮಾಡಿದೆ. ಟೀಚರಮ್ಮ ಇರಲಿಲ್ಲ, ನೀವು ಕೆಳಗೆ ಆಟೋದವನ ಹತ್ರ ಜಗಳ ಆಡ್ತಿದ್ರಿ. ಮುಖಕ್ಕೆ ಪೇಪರ್ ಅಡ್ಡ ಹಿಡಿದು ಹಾಡಿದೆ. ಇಲ್ಲ. ಪೇಪರ್ ತೆಗೆದು, ಹಾಡಿನ ನಟ್ಟನಡುವೆ, 'ಮೆಟ್ಟಿಲು' ಅನ್ನೋ ಪದದ ಮಧ್ಯದಲ್ಲಿ, ಹುಬ್ಬೆತ್ತಿದೆ. ಡುಮ್ ಡುಮ್! ಹಾಡೇ ಇಲ್ಲದೆ ಸುಮ್ಮನೆ ಹುಬ್ಬೆತ್ತಿದೆ. ಡುಮ್ ಡುಮ್!

ಗೊತ್ತಾಯ್ತಲ್ಲ? ಸರದಿಯೂ ಇಲ್ಲ, ಓಗೊಡೋದೂ ಇಲ್ಲ. ಹಾಡು ಅವಳಿಗೆ ಲೆಕ್ಕಕ್ಕೇ ಇಲ್ಲ. ಟೀಚರಮ್ಮ ಹಾಕಿದ ಅಷ್ಟೂ ಟಿಕ್ಕು ನನ್ನ ಹುಬ್ಬಿಗೆ ಹಾಕಿದ್ದು. ಆ ವರದಿ ಸುಳ್ಳು. ಅದು ಹೋಗೋಕೆ ಮುಂಚೆ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಟೀಚರಮ್ಮ ಅದನ್ನ ಮಡಚಿ ಕವರಿಗೆ ಹಾಕುವಾಗ ನಾನು ಪಕ್ಕದಲ್ಲೇ ಇದ್ದೆ, ಅಂಟು ಹಚ್ಚಿದ್ದೇ ನಾನು.

ಈಗ ತಿಳೀತಾ ಯಾಕೆ ಹೋಗ್ತಿದ್ದೀನಿ ಅಂತ? ಸೋಮವಾರ ನಾನು ಬಂದು ಎದುರು ಕೂತ್ರೆ ಮತ್ತೆ ಅದೇ ಮೋಸ. ಆ ಮೂರು ಜನ ತಲೆದೂಗ್ತಾರೆ, ಸೀಟು ಕೊಡ್ತಾರೆ. ಆಮೇಲೆ? ಕ್ಲಾಸಲ್ಲಿ ಅವಳ ಮುಂದೆ ದಿನಾ ಯಾರ ಹುಬ್ಬು ಏಳುತ್ತೆ? ತಿಂಗಳಲ್ಲಿ ವಾಪಸ್ ಕಳಿಸ್ತಾರೆ. ಅದಕ್ಕೇ ನಾನು ದೂರ ಹೋಗೋದೇ ಮರ್ಯಾದೆ. ನಿಮಗೂ ಒಳ್ಳೇದು, ಮಗುವಿಗೂ ಒಳ್ಳೇದು. ನನ್ನಂಥವನಿಗೂ ಒಂದು ಚೂರು ನೀತಿ ನಿಯತ್ತು ಇರುತ್ತೆ ಅಕ್ಕಾ...

...

ಬೈಯಿರಿ.

ಬೈಯಲ್ವಾ? ಮೋಸ ಮಾಡಿದೆ ಅಂತ ಹೇಳ್ತಿದ್ದೀನಿ! ಒಂಬತ್ತು ವರ್ಷದ ಮಗಳು ಮೊದಲ ಸಲ ಏನೋ ಕಲಿತಳು ಅಂತ ನೀವು ಅಂಗಡಿಯಲ್ಲಿ ಎಲ್ಲರಿಗೂ ಸಿಹಿ ಹಂಚಿಕೊಂಡು ಬಂದ್ರಿ, ಅದೆಲ್ಲ ಈ ಮುದುಕನ ಹುಬ್ಬು ಅಂತ ಹೇಳ್ತಿದ್ದೀನಿ! ನೀವು ಕಲ್ಲಿನ ಹಾಗೆ... ಆಶ್ಚರ್ಯ ಕೂಡ ಪಡಲಿಲ್ಲ ನೀವು.

ನಿಮಗೆ ಗೊತ್ತಿತ್ತಾ?

... ಗೊತ್ತಿತ್ತು. ಯಾವಾಗಿಂದ? ಆ ಬೆಂಚಿನ ಮೇಲೆ ಕೂತೇ? ಎರಡು ವರ್ಷ ಮಗಳ ಕೈ ನೋಡ್ತಿದ್ದೀರಿ ಅಂತ ನಾನಂದುಕೊಂಡಿದ್ದೆ. ನನ್ನ ಮುಖಾನೂ ನೋಡ್ತಿದ್ರಾ? ಗೊತ್ತಿದ್ದೂ ಟೀಚರಮ್ಮನಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಅಂದ್ರೆ ನೀವೂ ನನ್ನ ಪಾರ್ಟಿಯೇ ಅನ್ನಿ! ಸೀಟಿಗೋಸ್ಕರ... ಅಲ್ವಾ? ಸೀಟಿಗೋಸ್ಕರ ಅಲ್ವಾ? ತಲೆ ಅಲ್ಲಾಡಿಸ್ತೀರಿ. ಮತ್ತೆ ಯಾತಕ್ಕೆ?

ಕಿಟಕಿ ಮುಚ್ಚಲಾ? ಪಂಪಿನ ಸದ್ದು ಜಾಸ್ತಿ ಆಯ್ತು. ಬೇಡ್ವಾ. ಸರಿ.

ಬಾಗಿಲ ಕಡೆ ಯಾಕೆ ನೋಡ್ತಿದ್ದೀರಿ? ಯಾರೂ ಇಲ್ಲ ಅಲ್ಲಿ. ಟೀಚರಮ್ಮ ಮನೆಗೆ ಹೋದ್ರು. ಮುಚ್ಚಿದ ಬಾಗಿಲು, ಮಧ್ಯೆ ಒಂದು ಗೇಣು ಗಾಜು, ಅದನ್ನೇನು ನೋಡೋದು...

ಓ.

ಬುಧವಾರ. ಬುಧವಾರದ್ದು ಹೇಳ್ತಿದ್ದೀರಿ.

ಬುಧವಾರ ನನಗೆ ಮತ್ತೆ ಹಲ್ಲುನೋವು ಬಂತಲ್ಲ, ರೂಮಲ್ಲಿ ಮಲಗಿದ್ದೆ. ಟೀಚರಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಅದಕ್ಕೇ ತಾನೇ ಹೊಸ ಹುಡುಗಿಯನ್ನ ಆವತ್ತೇ ಕೂರಿಸಿದ್ದು, ನಿಮ್ಮನ್ನೂ ಒಳಗೇ ಇರಿ ಅಂದದ್ದು. ನನಗೇನು ಗೊತ್ತು ಒಳಗೆ ಏನಾಯ್ತು ಅಂತ? ನಾನು ಇರಲೇ ಇಲ್ಲ.

...

ನಾನು ಇರಲೇ ಇಲ್ಲ ಅಕ್ಕಾ.

...

ಎಷ್ಟು ಹೊತ್ತು ನೋಡ್ತೀರಿ ಹಾಗೆ! ಆಯ್ತು, ಇದ್ದೆ. ಇದ್ದೆ! ಆ ಗಾಜಿನ ಹಿಂದೆ ನಿಂತಿದ್ದೆ. ನಾನಿಲ್ಲದೆ ಅವಳು ಒಂದೇ ಒಂದು ಸಲ ಹೊಡೆದುಬಿಡಲಿ, ಒಂದೇ ಸಲ, ಆಮೇಲೆ ನೆಮ್ಮದಿಯಾಗಿ ಹೋಗ್ತೀನಿ ಅಂತ ನಿಂತಿದ್ದೆ. ನೀವು ಬೆನ್ನು ಹಾಕಿ ಕೂತಿದ್ರಿ, ನೋಡಿರಲ್ಲ ಅಂದುಕೊಂಡೆ.

ಹುಡುಗಿ ಹಾಡಿದಳು. ಎಷ್ಟು ಚೆನ್ನಾಗಿ ಹಾಡಿದಳು! ನಿಲ್ಲಿಸಿದಳು. ಮುಖ ಹೂವಿನ ಹಾಗೆ ಸುಮ್ಮನಿತ್ತು, ಒಂದು ಕೂದಲೂ ಅಲ್ಲಾಡಲಿಲ್ಲ. ಓದಿದವಳಲ್ವಾ. ದೊರೆಸಾನಿ ಕೋಲು ಹಿಡಿದು ಕೂತಿದ್ದಳು. ನಾನು ಹೊರಗಡೆ ಹತ್ತು ಎಣಿಸಿದೆ. ಕೋಲು ಕೆಳಗಿಟ್ಟಳು. ಎದ್ದಳು. ಹೋಗಿ ಆ ಹುಡುಗಿಯ ಗದ್ದ ಹಿಡಿದು, ಮುಖಾನ ಕಿಟಕಿ ಬೆಳಕಿಗೆ ತಿರುಗಿಸಿ ನೋಡಿದಳು. ಬಿಟ್ಟಳು. ಆಮೇಲೆ ನಿಮ್ಮ ಹತ್ರ ಬಂದಳು.

ಎರಡು ಕೈಯಲ್ಲಿ ನಿಮ್ಮ ಕೆನ್ನೆ ಹಿಡಿದುಕೊಂಡಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಎಷ್ಟು ಹೊತ್ತು ಅಕ್ಕಾ ಅದು? ನನಗೆ ಎಣಿಸೋಕೆ ಆಗಲಿಲ್ಲ. ಹುಟ್ಟಿದಾಗಿಂದ ನಿಮ್ಮ ಮುಖ ನೋಡಿದವಳಲ್ಲ ಅಂತ ನೀವೇ ಒಂದಿನ ಹೇಳಿದ್ರಿ, ಈ ಮೆಟ್ಟಿಲ ಮೇಲೆ ಕೂತು. 'ಒಂದು ಸಲ ನೋಡಿದ್ರೆ ಸಾಕು ಮಾಸ್ತರೇ, ಬೈಯೋಕಾದ್ರೂ ನೋಡಲಿ' ಅಂದಿದ್ರಿ. ನೋಡಿದಳು. ಆಮೇಲೆ ಅವಳು ಕೈ ತೆಗೆದಳು. ಇದಲ್ಲ ಅನ್ನೋ ಹಾಗೆ ತೆಗೆದಳು. ನಿಮ್ಮನ್ನ ದಾಟಿ ಬಾಗಿಲ ಕಡೆ ಬಂದಳು.

ಗಾಜಿಗೆ ಹಣೆ ಒತ್ತಿದಳು. ನಾನು ಈ ಕಡೆ. ಒಂದು ಗೇಣು ದೂರ ಇರಲಿಲ್ಲ.

ಹುಬ್ಬೆತ್ತಬೇಕಿತ್ತು. ಅಷ್ಟೇ ತಾನೇ ಬೇಕಿದ್ದದ್ದು ಅವಳಿಗೆ? ಎತ್ತಲಿಲ್ಲ. ಓಡಿದೆ. ಮೆಟ್ಟಿಲು ಎರಡೆರಡು ಇಳಿದು ಓಡಿದೆ. ಟೈರ್ ಅಂಗಡಿಯವನು 'ಏನು ಮಾಸ್ತರೇ, ಬೆಂಕಿ ಬಿತ್ತಾ?' ಅಂತ ಕೂಗಿದ. ಮೇಲಿಂದ ಅವಳು ಬಾಗಿಲು ಬಡೀತಿದ್ದದ್ದು ರಸ್ತೆ ತಿರುಗೋವರೆಗೂ ಕೇಳಿಸ್ತು.

ನೀವು ತಿರುಗಿ ನೋಡಿದ್ರಿ. ಅಲ್ವಾ? ಅವಳು ಬಾಗಿಲಿಗೆ ಹೋದಾಗ ನೀವು ತಿರುಗಿ ನೋಡಿದ್ರಿ, ನನ್ನನ್ನ ನೋಡಿದ್ರಿ. ಎರಡು ದಿನದಿಂದ ಗೊತ್ತು ನಿಮಗೆ. ಗೊತ್ತಿದ್ದೂ ಇಲ್ಲಿ ಕೂತು ಹೋಟೆಲಿನ ಕಥೆ ಕೇಳಿದ್ರಿ, ಹುಬ್ಬಿನ ಕಥೆ ಕೇಳಿದ್ರಿ, ನೀತಿ ನಿಯತ್ತಿನ ಕಥೆಯನ್ನೂ ಕೇಳಿದ್ರಿ. ಶಿವನೇ...

ಹೌದು. ಮೋಸ ಆಯ್ತು ಅಂತ ಹೊರಟದ್ದಲ್ಲ ನಾನು. ಮೋಸದ ಜೊತೆ ಬದುಕೋದು ನನಗೇನು ಹೊಸದು? ಯಾರೂ ಎಂದೂ ನನ್ನನ್ನ ಹಾಗೆ ಹುಡುಕಿಕೊಂಡು ಬಂದಿರಲಿಲ್ಲ ಅಕ್ಕಾ. ಮುಖ ಮುಖ ತಿರುಗಿಸಿ ನೋಡಿ, ಇದಲ್ಲ, ಇದಲ್ಲ ಅಂತ... ನನಗೆ ಹೆದರಿಕೆ ಆಯ್ತು. ಐವತ್ತೆರಡು ವರ್ಷದವನಿಗೆ ಒಂಬತ್ತು ವರ್ಷದ ಹುಡುಗಿ ಕಂಡ್ರೆ ಹೆದರಿಕೆ. ನಗಿ, ಈಗ ನಗಿ!

ನಗಲ್ಲ. ಬೈಯೋದೂ ಇಲ್ಲ. ನೀವು ಬೈಲಿ ಅಂತಲೇ ನಾನು ಇಷ್ಟು ಹೊತ್ತು ಒಂದೊಂದೇ ಬಿಚ್ಚಿಟ್ಟದ್ದು. 'ಥೂ ಮೋಸಗಾರ, ಹೊರಡು ಇಲ್ಲಿಂದ' ಅಂದಿದ್ರೆ ಬ್ಯಾಗು ಎತ್ತಿಕೊಂಡು ಹೋಗಿಬಿಡ್ತಿದ್ದೆ. ಅದೊಂದು ಮಾತು ಕೊಡಲ್ಲ ಅಲ್ವಾ ನೀವು?

...

ಸೋಮವಾರ ಬಂದ್ರೆ ಹಾಡಲ್ಲ. ಡ್ರಮ್ಮೂ ಬೇಡ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ ಆ ಮೂರು ಜನಕ್ಕೆ, ವರದಿ ತಪ್ಪು ಅಂತ. ಈ ಹುಡುಗಿ ಹಾಡು ಕಲೀಲಿಲ್ಲ, ಮನುಷ್ಯರ ಮುಖ ನೋಡೋದು ಕಲಿತಿದ್ದಾಳೆ ಅಂತ. ಹುಬ್ಬಿನ ವಿಷಯ ನೀವು ಯಾರಿಗೂ ಹೇಳದೆ ಇದ್ದದ್ದೂ ಅದಕ್ಕೇ ಅಲ್ವಾ? ಬುಧವಾರದ್ದು ನೀವು ಹೇಳಿ, ಗಾಜಿನ ಹಿಂದಿನದ್ದು ನಾನು ಹೇಳ್ತೀನಿ. ಸೀಟು ಸಿಗದೇ ಹೋಗಬಹುದು. ಟೀಚರಮ್ಮ ನನ್ನನ್ನ ಮೆಟ್ಟಿಲಿಂದಲೇ ತಳ್ಳಬಹುದು. ಹೇಳಿಲ್ಲ ಅನ್ನಬೇಡಿ ಮತ್ತೆ.

ಎಷ್ಟು ಗಂಟೆಗೆ?... ಹತ್ತೂವರೆಗೆ. ಸರಿ. ಬರ್ತೀನಿ.

ಮಂಗಳವಾರದ್ದು ಮಾತ್ರ ಕೇಳಬೇಡಿ. ಸೋಮವಾರ ಇರ್ತೀನಿ, ಮಂಗಳವಾರ ಎಲ್ಲಿರ್ತೀನೋ ನನಗೇ ಗೊತ್ತಿಲ್ಲ. ಆ ಮಾತು ಕೊಡೋಕೆ ನನಗೆ ಬರಲ್ಲ, ಬಲವಂತ ಮಾಡಬೇಡಿ...

ಮಾಡ್ತಿಲ್ಲ, ಗೊತ್ತು. ನೀವು ಬಂದಾಗಿಂದ ಏನೂ ಕೇಳಿಲ್ಲ.